ಕೂಗು ಗೋಲು ಹೊಡೆಯುವುದಿಲ್ಲ

ವಿರಾಜಪೇಟೆಯಿಂದ ‘ತವರಿನ ಸಿಂಹಗಳು’ ಲೇಖನ ಕಳುಹಿಸಿರುವ ಯುವ ಬರಹಗಾರರಿಗೆ,

ನಿಮ್ಮ ಲೇಖನ ಓದಿದೆ. ತವರು ಮೈದಾನದಲ್ಲಿ ಆಡುವ ತಂಡಗಳು ಯಾಕೆ ಹೆಚ್ಚು ಗೆಲ್ಲುತ್ತವೆ ಎಂಬ ಪ್ರಶ್ನೆಯನ್ನು ಎತ್ತಿಕೊಂಡಿದ್ದೀರಿ. ವಿಷಯ ಒಳ್ಳೆಯದು. ಭಾಷೆ ಸ್ವಚ್ಛವಾಗಿದೆ, ಕಾಗುಣಿತ ತಿದ್ದುವ ಕೆಲಸ ನನಗೆ ಬೀಳಲಿಲ್ಲ. ಆದರೆ ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸುವುದಿಲ್ಲ.

ಸಾಮಾನ್ಯವಾಗಿ ಇಷ್ಟು ಹೇಳಿ ಬರಹವನ್ನು ಮರಳಿಸುತ್ತೇನೆ. ನಿಮ್ಮದನ್ನು ಹಾಗೆ ಮರಳಿಸಲು ಮನಸ್ಸಾಗಲಿಲ್ಲ. ಕಾರಣ, ಕೇರಳದ ಇರಿಟ್ಟಿಯಿಂದ ಘಟ್ಟ ಹತ್ತಿ ಆಡಲು ಬಂದ ತಂಡದ ಬಗ್ಗೆ ಮೂರನೆಯ ಪುಟದಲ್ಲಿರುವ ಒಂದು ವಾಕ್ಯ: ‘ಇರಿಟ್ಟಿಯ ಹುಡುಗರ ಬಸ್ಸು ಮಾಕುಟ್ಟದ ತಿರುವುಗಳನ್ನು ಹತ್ತಿ ಬರುವಷ್ಟರಲ್ಲಿ ಇಬ್ಬರು ವಾಂತಿ ಮಾಡಿಕೊಂಡಿದ್ದರು, ಗೋಲ್‌ಕೀಪರ್ ಇಳಿದವನೇ ಚಪ್ಪಲಿ ಕಳಚಿ ಹುಲ್ಲಿನ ಮೇಲೆ ನಿಂತ.’ ಇದನ್ನು ಮೂರು ಸಲ ಓದಿದೆ. ಆ ಹುಡುಗ ಹುಲ್ಲು ಎಷ್ಟು ಒದ್ದೆಯಾಗಿದೆ ಎಂದು ಅಂಗಾಲಿನಿಂದ ನೋಡುತ್ತಿದ್ದನೋ, ಹೊಟ್ಟೆಯ ಸಂಕಟ ಇಳಿಯಲಿ ಎಂದು ನಿಂತಿದ್ದನೋ, ತಿಳಿದುಕೊಳ್ಳಬೇಕು ಅನ್ನಿಸಿತು. ಮುಂದಿನ ಸಾಲಿಗೆ ಹೋದರೆ ಹೀಗಿದೆ: ‘ಆದರೆ ಅಲ್ಲಿ ಅವರಿಗಾಗಿ ಹನ್ನೆರಡನೆಯ ಆಟಗಾರ ಕಾದಿದ್ದ.’ ಅಲ್ಲಿಗೆ ಆ ಹುಡುಗರು ಮಾಯ. ವಿರಾಜಪೇಟೆಯಲ್ಲಿ ನಡೆದ ಆ ಫುಟ್‌ಬಾಲ್ ಪಂದ್ಯದ ಫಲಿತಾಂಶವನ್ನೂ ನೀವು ಹೇಳಿಲ್ಲ. ಬೇಸರವಾದದ್ದು ಅಲ್ಲಿ, ಸಿಟ್ಟು ಬಂದದ್ದೂ ಅಲ್ಲೇ.

ಆ ಹನ್ನೆರಡನೆಯ ಆಟಗಾರನ ಸಂಗತಿಗೇ ಬರುತ್ತೇನೆ. ‘ಸಾವಿರಾರು ಕಂಠಗಳ ಘೋಷವೇ ಹನ್ನೆರಡನೆಯ ಆಟಗಾರನಾಗಿ ಮೈದಾನಕ್ಕಿಳಿದು ಗೋಲು ಬಾರಿಸುತ್ತದೆ’ ಎಂದು ಬರೆದಿದ್ದೀರಿ. ಕೂಗು ಗೋಲು ಹೊಡೆಯುವುದಿಲ್ಲ. ಕೂಗನ್ನು ಯಾರೋ ಒಬ್ಬರು ಕೇಳಿಸಿಕೊಂಡು ಏನನ್ನೋ ಮಾಡಬೇಕು, ಅಥವಾ ಮಾಡಬೇಕಾದುದನ್ನು ಮಾಡದೆ ಬಿಡಬೇಕು. ಆ ಒಬ್ಬರು ಯಾರು? ನಿಮ್ಮ ಇಡೀ ಲೇಖನದಲ್ಲಿ ರೆಫರಿ ಎಂಬ ಪದವೇ ಇಲ್ಲ.

ಮುಂದಿನ ಸಾಲು: ‘ಸಂಶೋಧನೆಗಳೂ ಇದನ್ನೇ ಹೇಳುತ್ತವೆ.’ ಯಾವ ಸಂಶೋಧನೆ? ನನಗೆ ಗೊತ್ತಿರುವ ಒಂದನ್ನು ಹೇಳುತ್ತೇನೆ, 2002ರಲ್ಲಿ ಇಂಗ್ಲೆಂಡಿನ ಸಂಶೋಧಕರು ಪ್ರಕಟಿಸಿದ್ದು. ಲಿವರ್‌ಪೂಲ್ ಮತ್ತು ಲೆಸ್ಟರ್ ಸಿಟಿ ತಂಡಗಳ ಪಂದ್ಯದ ವಿಡಿಯೊವನ್ನು 40 ರೆಫರಿಗಳಿಗೆ ತೋರಿಸಿ, ಎಲ್ಲೆಲ್ಲಿ ಫೌಲ್ ಕೊಡುತ್ತೀರಿ ಎಂದು ಕೇಳಿದರು. ಕೆಲವರಿಗೆ ಪ್ರೇಕ್ಷಕರ ಸದ್ದಿನ ಸಮೇತ ತೋರಿಸಿದರು, ಉಳಿದವರಿಗೆ ಸದ್ದಡಗಿಸಿ. ಸದ್ದು ಕೇಳಿಸಿಕೊಂಡವರು ತವರು ತಂಡದ ವಿರುದ್ಧ ಕೊಟ್ಟ ಫೌಲ್‌ಗಳು ಶೇ 15ರಷ್ಟು ಕಡಿಮೆ. ಹೊರಗಿನ ತಂಡವನ್ನು ಅವರು ವಿಶೇಷವಾಗಿ ದಂಡಿಸಲಿಲ್ಲ. ತವರಿನವರು ತಪ್ಪು ಮಾಡಿದಾಗ ಸೀಟಿ ಊದಲು ಹಿಂಜರಿದರು, ಅಷ್ಟೆ. ಆ ‘ಹಿಂಜರಿದರು’ ಎಂಬ ಕ್ರಿಯಾಪದವೇ ನಿಮ್ಮ ಲೇಖನಕ್ಕೆ ಬೇಕಾಗಿತ್ತು. ‘ಬಾರಿಸುತ್ತದೆ’ ಎಂಬುದರಲ್ಲಿ ಮನುಷ್ಯನಿಲ್ಲ. ‘ಹಿಂಜರಿದರು’ ಎಂದೊಡನೆ ಬಾಯಲ್ಲಿ ಸೀಟಿ ಇಟ್ಟುಕೊಂಡು ಒಂದು ಕ್ಷಣ ತಡೆದ ಮನುಷ್ಯ ಕಾಣುತ್ತಾನೆ.

ಸ್ಪೇನ್‌ನ ಲೀಗ್ ಪಂದ್ಯಗಳ ಕೊನೆಗೆ ಸೇರಿಸುವ ಹೆಚ್ಚುವರಿ ನಿಮಿಷಗಳನ್ನು ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದ್ದಾರೆ. ತವರು ತಂಡ ಒಂದು ಗೋಲಿನಿಂದ ಹಿಂದಿದ್ದರೆ ರೆಫರಿಗಳು ಹೆಚ್ಚು ಸಮಯ ಕೊಡುತ್ತಿದ್ದರು, ಒಂದು ಗೋಲಿನಿಂದ ಮುಂದಿದ್ದರೆ ಕಡಿಮೆ. ಇವರು ಲಂಚ ತಿಂದವರಲ್ಲ. ಸುತ್ತಲೂ ಕೂತಿರುವ ಜನರ ಅಸಮಾಧಾನ ಕೈಗಡಿಯಾರದವರೆಗೂ ಇಳಿಯಿತು. ಕ್ರಿಕೆಟ್ ಇದನ್ನು ಬಹಳ ಹಿಂದೆಯೇ ಒಪ್ಪಿಕೊಂಡಿತು. 1986ರಲ್ಲಿ ಪಾಕಿಸ್ತಾನ ಮತ್ತು ವೆಸ್ಟ್ ಇಂಡೀಸ್ ನಡುವಿನ ಲಾಹೋರ್ ಟೆಸ್ಟ್‌ಗೆ ಭಾರತದ ವಿ.ಕೆ. ರಾಮಸ್ವಾಮಿ ಮತ್ತು ಪಿಲೂ ರಿಪೋರ್ಟರ್ ಅಂಪೈರ್‌ಗಳಾಗಿ ಹೋದರು; 2002ರಿಂದ ಟೆಸ್ಟ್‌ನ ಇಬ್ಬರೂ ಅಂಪೈರ್‌ಗಳು ತಟಸ್ಥ ದೇಶದವರೇ ಆಗಿರಬೇಕೆಂಬ ಕ್ರಮ ಬಂತು.

ಇನ್ನು 2020. ಕೋವಿಡ್ ಕಾಲದ ಬಗ್ಗೆ ನೀವು ಒಂದಕ್ಷರವನ್ನೂ ಬರೆದಿಲ್ಲ, ಇದು ನನಗೆ ಅರ್ಥವೇ ಆಗಲಿಲ್ಲ. ಪ್ರೇಕ್ಷಕರನ್ನು ತೆಗೆದುಬಿಟ್ಟರೆ ಏನಾಗುತ್ತದೆ ಎಂದು ಯಾವ ಪ್ರಯೋಗಾಲಯವೂ ಪರೀಕ್ಷಿಸಲಾರದು. ಆ ವರ್ಷ ತಾನಾಗಿಯೇ ಪರೀಕ್ಷೆ ನಡೆಯಿತು. ಮೇ 16ರಂದು ಜರ್ಮನಿಯ ಬುಂಡೆಸ್‌ಲೀಗಾ ಖಾಲಿ ಕ್ರೀಡಾಂಗಣಗಳಲ್ಲಿ ಮತ್ತೆ ಶುರುವಾಯಿತು, ಬೇರೆ ಲೀಗ್‌ಗಳು ಹಿಂಬಾಲಿಸಿದವು. ಹೊರಗಿನ ತಂಡಗಳಿಗೆ ರೆಫರಿಗಳು ತೋರಿಸುತ್ತಿದ್ದ ಎಚ್ಚರಿಕೆಯ ಹಳದಿ ಕಾರ್ಡುಗಳು ಕಡಿಮೆಯಾದವು. ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನ 2020–21ರ ಋತುವಿನ ಬಹುಪಾಲು ಹೀಗೆಯೇ ಜನರಿಲ್ಲದೆ ನಡೆಯಿತು. 380 ಪಂದ್ಯಗಳಲ್ಲಿ ತವರು ತಂಡ ಗೆದ್ದದ್ದು 144, ಹೊರಗಿನ ತಂಡ ಗೆದ್ದದ್ದು 153. ಆ ದೇಶದ ಉನ್ನತ ದರ್ಜೆಯ ಫುಟ್‌ಬಾಲ್ ಚರಿತ್ರೆಯಲ್ಲಿ ಹಾಗಾದದ್ದು ಅದೇ ಮೊದಲು. ಕೂಗಿಗೆ ಬಲವಿದೆ ಎಂಬ ನಿಮ್ಮ ಮಾತು ಸುಳ್ಳಲ್ಲ. ಅದು ಯಾರ ಕೈಯಿಂದ ಕೆಲಸ ಮಾಡಿಸುತ್ತದೆ ಎಂದು ನೀವು ನೋಡಲಿಲ್ಲ.

ನೋಡದೆ ಬರೆದರೆ ಏನಾಗುತ್ತದೆ ಎಂಬುದಕ್ಕೆ ನಿಮ್ಮದೇ ಐದನೆಯ ಪುಟ ಸಾಕ್ಷಿ. ‘1973ರ ಹಾಕಿ ವಿಶ್ವಕಪ್ ಫೈನಲ್‌ನಲ್ಲಿ ನಮ್ಮ ಕೊಡಗಿನ ಎಂ.ಪಿ. ಗಣೇಶ್ ಮುನ್ನಡೆಸಿದ ತಂಡವನ್ನು ಸೋಲಿಸಿದ್ದು ಡಚ್ ಪ್ರೇಕ್ಷಕರ ಅಬ್ಬರ’ ಎಂದಿದ್ದೀರಿ. ಆಮ್‌ಸ್ಟೆಲ್‌ವೀನ್‌ನಲ್ಲಿ ನಡೆದ ಆ ಪಂದ್ಯದಲ್ಲಿ ಭಾರತ ಮೊದಲು ಎರಡು ಗೋಲುಗಳಿಂದ ಮುಂದಿತ್ತು. ಆಗಲೂ ಅದೇ ಜನ ಅಲ್ಲೇ ಕೂತು ಕೂಗುತ್ತಿದ್ದರಲ್ಲವೆ? ಆತಿಥೇಯರು 2–2 ಮಾಡಿಕೊಂಡರು, ಪೆನಾಲ್ಟಿ ಸ್ಟ್ರೋಕ್‌ಗಳಲ್ಲಿ 4–2ರಿಂದ ಗೆದ್ದರು. ಅದೇ ಕೂಗು ನಮ್ಮ ಎರಡು ಗೋಲುಗಳನ್ನು ಯಾಕೆ ತಡೆಯಲಿಲ್ಲ ಎಂದು ಓದುಗ ಕೇಳಿದರೆ ನಿಮ್ಮಲ್ಲಿ ಉತ್ತರವಿಲ್ಲ. ಗಣೇಶ್ ಅವರ ಹೆಸರನ್ನು ಕೊಡಗಿನಲ್ಲಿ ಬರೆಯುವಾಗ ಇನ್ನಷ್ಟು ಎಚ್ಚರ ಇರಬೇಕು. ಇಲ್ಲಿ ಓದುವವರಲ್ಲಿ ಅರ್ಧ ಜನ ಕೈಯಲ್ಲಿ ಹಾಕಿ ಕೋಲು ಹಿಡಿದೇ ಬೆಳೆದವರು.

ಇದಕ್ಕೆಲ್ಲ ನಾನು ಇಷ್ಟು ತಲೆ ಕೆಡಿಸಿಕೊಳ್ಳುವುದಕ್ಕೆ ಕಾರಣವಿದೆ. ನಿಮ್ಮ ವಯಸ್ಸಿನಲ್ಲಿ ನಾನೂ ಇದೇ ವಾಕ್ಯ ಬರೆದಿದ್ದೆ.

1980ರ ದಶಕದ ಮಾತು. ಮಡಿಕೇರಿಯ ಒಂದು ಸಣ್ಣ ವಾರಪತ್ರಿಕೆಯಲ್ಲಿ ಕೆಲಸ ಕಲಿಯುತ್ತಿದ್ದೆ. ಒಂದೊಂದೇ ಅಚ್ಚುಮೊಳೆ ಜೋಡಿಸಿ ಪುಟ ಕಟ್ಟುತ್ತಿದ್ದ ಕಾಲ. ಹೆಚ್ಚಿನ ಒಂದು ಪದ ಬರೆದರೂ ಮೊಳೆ ಜೋಡಿಸುವವರು ತಲೆಯೆತ್ತಿ ನೋಡುತ್ತಿದ್ದರು. ಏಪ್ರಿಲ್‌ನಲ್ಲಿ ಒಂದು ಹಳ್ಳಿಯ ಹಾಕಿ ಪಂದ್ಯಕ್ಕೆ ನನ್ನನ್ನು ಕಳುಹಿಸಿದರು. ಊರಿನ ತಂಡ 3–1ರಿಂದ ಗೆದ್ದಿತು. ‘ಊರ ಜನರ ಹುಮ್ಮಸ್ಸಿನ ಹೊಳೆಯಲ್ಲಿ ಎದುರಾಳಿಗಳು ಕೊಚ್ಚಿಹೋದರು’ ಎಂದು ಆರಂಭಿಸಿ ಒಂದು ಕಾಲಂ ತುಂಬ ಬರೆದೆ. ಸಂಪಾದಕರು ಓದಿದರು. ಏನನ್ನೂ ಹೊಡೆದುಹಾಕಲಿಲ್ಲ. ‘ಮೂರು ಗೋಲುಗಳೂ ಮೈದಾನದ ಯಾವ ಕಡೆಯಿಂದ ಬಂದವು?’ ಎಂದು ಕೇಳಿದರು. ನನಗೆ ನೆನಪಿರಲಿಲ್ಲ. ‘ಗೆದ್ದವರನ್ನು ಕೇಳಬೇಡ, ಅದು ಅವರ ಮನೆ, ಅವರಿಗೆ ಅಲ್ಲಿನದು ಯಾವುದೂ ಕಾಣುವುದಿಲ್ಲ. ಸೋತವರ ಊರಿಗೆ ಹೋಗಿ ಕೇಳಿಕೊಂಡು ಬಾ’ ಎಂದರು.

ಮರುದಿನ ಬಸ್ಸಿನಲ್ಲಿ ಹೋದೆ. ಸೋತ ತಂಡದ ಎಡ ವಿಂಗ್‌ನಲ್ಲಿ ಆಡಿದ್ದ ಹುಡುಗ ಮನೆಯಂಗಳದಲ್ಲಿ ಕಾಳುಮೆಣಸು ಒಣಹಾಕಿ, ಕಾಲಿನಿಂದ ಹರಡುತ್ತಿದ್ದ. ಒಳಗಿನಿಂದ ತನ್ನ ಕೋಲು ತಂದು ತೋರಿಸಿದ. ಬಾಗಿದ ತುದಿಯಲ್ಲಿ ಕಪ್ಪು ಕೆಸರು ಒಣಗಿ ಅಂಟಿತ್ತು. ಉಳಿದ ಮೈದಾನವೆಲ್ಲ ಕೆಂಪು ಮಣ್ಣು. ಗದ್ದೆ ಬದಿಯ ಆ ಮೂಲೆಯಲ್ಲಿ ಹುಲ್ಲಿನಡಿ ಸಣ್ಣ ಒರತೆಯಿತ್ತಂತೆ. ‘ಚೆಂಡು ಅಲ್ಲಿಗೆ ಹೋದರೆ ಸಾಯುತ್ತಿತ್ತು. ನಾನು ವೇಗದಲ್ಲಿ ಅದನ್ನು ದಾಟಿ ಓಡಿಹೋಗುತ್ತಿದ್ದೆ. ಅವರ ಬ್ಯಾಕ್ ಆಟಗಾರ ಎರಡು ಹೆಜ್ಜೆ ಹಿಂದೆ ಒಣ ನೆಲದಲ್ಲಿ ನಿಂತು ಕಾಯುತ್ತಿದ್ದ’ ಎಂದ. ಎರಡು ಗೋಲು ಅಲ್ಲಿಂದಲೇ ಹುಟ್ಟಿದ್ದವು. ಜನರ ಕೂಗಿನಿಂದ ಹೆದರಿಕೆಯಾಯಿತೆ ಎಂದು ಕೇಳಿದೆ. ಯಾವ ಕೂಗು ಎಂದು ಅವನು ನನ್ನನ್ನೇ ಕೇಳಿದ. ಮಡಿಕೇರಿಗೆ ಬಂದು ವರದಿಯನ್ನು ಆರು ಸಾಲುಗಳಲ್ಲಿ ಬರೆದೆ. ಒರತೆ ಮೊದಲ ಸಾಲಿನಲ್ಲಿತ್ತು. ಸಂಪಾದಕರು ಓದಿ, ಏನೂ ಹೇಳದೆ ಮೊಳೆ ಜೋಡಿಸುವವರ ಕೈಗೆ ಕೊಟ್ಟರು. ನನ್ನ ಬರಹ ತಿದ್ದುಪಡಿಯಿಲ್ಲದೆ ಅಚ್ಚಿಗೆ ಹೋದದ್ದು ಅದೇ ಮೊದಲು.

ನೆಲ ಪರಿಚಯವಿರುವುದು ಹೀಗೆ ಕೆಲಸ ಮಾಡುತ್ತದೆ. ನಿಮ್ಮ ಲೇಖನದಲ್ಲಿ ಅದಕ್ಕೆ ‘ತಾಯಿಯ ಮಡಿಲಿನ ಧೈರ್ಯ’ ಎಂಬ ಹೆಸರಿದೆ. ತವರು ಎಂಬ ಪದವೇ ನಿಮ್ಮನ್ನು ಅಲ್ಲಿಗೆ ಎಳೆದುಕೊಂಡು ಹೋಗಿದೆ. ಮದುವೆಯಾಗಿ ಹೋದ ಹೆಣ್ಣುಮಗಳ ಹುಟ್ಟೂರಿಗೆ ಇದ್ದ ಪದವನ್ನು ಕ್ರೀಡಾಪುಟದವರು ಎತ್ತಿಕೊಂಡೆವು, ಅದರ ಜೊತೆಗೆ ಕಣ್ಣೀರೂ ಮಡಿಲೂ ಬಂದವು. ಹರಾಜಿನಲ್ಲಿ ಕೊಂಡ ಆಟಗಾರನಿಗೆ ಯಾವ ಮಡಿಲು? 2025ರ ಆರ್‌ಸಿಬಿ ತಂಡವನ್ನೇ ನೋಡಿ. ಮೂವರನ್ನು ಮಾತ್ರ ಉಳಿಸಿಕೊಂಡು, ಉಳಿದವರನ್ನು 2024ರ ನವೆಂಬರ್ ಹರಾಜಿನಲ್ಲಿ ಕೊಳ್ಳಲಾಗಿತ್ತು. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಕಿವಿ ಕಿವುಡಾಗುವಷ್ಟು ಜನಬೆಂಬಲವಿದ್ದೂ ಅಲ್ಲಿ ಮೊದಲ ಮೂರು ಪಂದ್ಯ ಸೋತರು. ಲೀಗ್ ಹಂತದಲ್ಲಿ ಹೊರಗೆ ಆಡಿದ ಏಳಕ್ಕೆ ಏಳನ್ನೂ ಗೆದ್ದರು. ಐಪಿಎಲ್‌ನಲ್ಲಿ ಹಿಂದೆ ಯಾರೂ ಅದನ್ನು ಮಾಡಿರಲಿಲ್ಲ. ಕಪ್ ಗೆದ್ದದ್ದು ಅಹಮದಾಬಾದಿನಲ್ಲಿ. ಅದೇ ಚಿನ್ನಸ್ವಾಮಿಯಲ್ಲಿ, 2024ರ ಅಕ್ಟೋಬರ್‌ನಲ್ಲಿ, ತವರಿನಲ್ಲಿ ಸತತ 18 ಟೆಸ್ಟ್ ಸರಣಿ ಗೆದ್ದಿದ್ದ ಭಾರತ ಟಾಸ್ ಗೆದ್ದು, ಮೋಡ ಕವಿದಿದ್ದರೂ ಬ್ಯಾಟಿಂಗ್ ಆರಿಸಿಕೊಂಡು, ನ್ಯೂಜಿಲೆಂಡ್ ಎದುರು 46ಕ್ಕೆ ಆಲೌಟ್ ಆಯಿತು. ತಮ್ಮದೇ ಪಿಚ್ಚನ್ನು ಅವತ್ತು ತಪ್ಪಾಗಿ ಓದಿದ್ದರು. ಇವು ನಿಮ್ಮ ವಾದಕ್ಕೆ ತೊಡಕಾಗುತ್ತವೆ ಎಂದು ಬಿಟ್ಟಿರಾ? ತೊಡಕಾಗುವುದನ್ನೇ ಮೊದಲು ಬರೆಯಬೇಕು.

ನನ್ನನ್ನು ಕಾಡಿದ ಎರಡನೆಯ ಸಾಲು ಕೊನೆಯ ಪುಟದ್ದು: ‘ಯಾರಿಗೆ ತವರಿನ ವರ ಒಲಿಯುತ್ತದೆ ಎಂಬುದು ವಿಧಿಯ ಆಟ.’ ಇಲ್ಲಿ ವಿಧಿಗೆ ಕೆಲಸವೇ ಇಲ್ಲ. ಅದನ್ನು ಮನುಷ್ಯರು ಮೇಜಿನ ಸುತ್ತ ಕೂತು ನಿಯಮ ಬರೆದು ನಿರ್ಧರಿಸುತ್ತಾರೆ, ಸರಿಹೋಗದಿದ್ದರೆ ತಿದ್ದುತ್ತಾರೆ. ಅಮೆರಿಕದ ಎನ್‌ಬಿಎ ಬಾಸ್ಕೆಟ್‌ಬಾಲ್‌ನಲ್ಲಿ ಪ್ರತಿ ತಂಡಕ್ಕೂ 82 ಪಂದ್ಯ, ತವರಿನಲ್ಲಿ 41, ಹೊರಗೆ 41. ಆಮೇಲೆ ಬರುವ ನಾಕೌಟ್ ಹಂತದ ಏಳು ಪಂದ್ಯಗಳ ಸರಣಿ ಸಮನಾಗಿ ಹಂಚಿಹೋಗುವುದಿಲ್ಲ. ಆಗ ಋತುವಿನುದ್ದಕ್ಕೂ ಹೆಚ್ಚು ಗೆದ್ದ ತಂಡಕ್ಕೆ ತವರಿನಲ್ಲಿ ನಾಲ್ಕು ಪಂದ್ಯ, ಏಳನೆಯದೂ ಅವರ ಅಂಗಳದಲ್ಲೇ. ಅಂದರೆ ಕೊನೆಯ ದಿನದ ತವರನ್ನು ತಿಂಗಳುಗಟ್ಟಲೆ ದುಡಿದು ಗಳಿಸಿಕೊಳ್ಳುತ್ತಾರೆ.

ಬೇಸ್‌ಬಾಲ್‌ನವರು ಇದನ್ನೇ ಹದಿನಾಲ್ಕು ವರ್ಷ ಬೇರೆ ರೀತಿ ನಡೆಸಿದರು. 2002ರ ಆಲ್‌ಸ್ಟಾರ್ ಪ್ರದರ್ಶನ ಪಂದ್ಯ ಎಸೆತಗಾರರು ಮುಗಿದುಹೋಗಿ 7–7ರ ಸಮದಲ್ಲಿ ನಿಂತಿತು, ಜನ ಸಿಟ್ಟಾದರು. ಆ ಪಂದ್ಯಕ್ಕೆ ತೂಕ ತರಬೇಕೆಂದು 2003ರಿಂದ 2016ರವರೆಗೆ ಅದರಲ್ಲಿ ಗೆದ್ದ ಲೀಗಿನ ತಂಡಕ್ಕೇ ಎರಡು ಲೀಗುಗಳ ಚಾಂಪಿಯನ್ನರು ಆಡುವ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್‌ನ ತವರು ಹಕ್ಕು ಕೊಟ್ಟರು. 2017ರಿಂದ ಋತುವಿನ ಸಾಧನೆಗೇ ಮರಳಿದರು. 2019ರಲ್ಲಿ ಆ ಹಕ್ಕು ಹ್ಯೂಸ್ಟನ್‌ಗೆ ಸಿಕ್ಕಿತು. ಏಳು ಪಂದ್ಯಗಳಲ್ಲಿ ಏಳನ್ನೂ ಹೊರಗಿನಿಂದ ಬಂದ ತಂಡವೇ ಗೆದ್ದು, ವಾಷಿಂಗ್ಟನ್ ಚಾಂಪಿಯನ್ ಆಯಿತು. ಯುರೋಪಿನ ಫುಟ್‌ಬಾಲ್‌ನಲ್ಲಿ 1965ರಲ್ಲಿ ಬಂದ, ಎರಡು ಪಂದ್ಯಗಳ ಒಟ್ಟು ಗೋಲು ಸಮವಾದಾಗ ಹೊರಗೆ ಹೊಡೆದ ಗೋಲಿಗೆ ಹೆಚ್ಚು ಬೆಲೆ ಕೊಡುವ ನಿಯಮವನ್ನು 2021ರಲ್ಲಿ ಕೈಬಿಟ್ಟರು. ಇನ್ನು ಐಸ್ ಹಾಕಿಯ ಎನ್‌ಎಚ್‌ಎಲ್‌ನಲ್ಲಿ ತವರಿನ ಅನುಕೂಲ ನಿಯಮದ ಪುಸ್ತಕದಲ್ಲೇ ಇದೆ: ಆಟ ನಿಂತಾಗ ಹೊರಗಿನ ತಂಡ ಮೊದಲು ಆಟಗಾರರನ್ನು ಬದಲಿಸಬೇಕು, ಅವರು ಯಾರನ್ನು ಇಳಿಸಿದರು ಎಂದು ನೋಡಿಕೊಂಡು ತವರಿನ ಕೋಚ್ ತನ್ನವರನ್ನು ಇಳಿಸುತ್ತಾನೆ. ಇಂಥ ಒಂದು ನಿಯಮವನ್ನು ಬಿಡಿಸಿ ಹೇಳಿದ್ದರೆ ನಿಮ್ಮ ಕೊನೆಯ ಪುಟದಲ್ಲಿ ‘ವರ’ ಬೇಕಾಗುತ್ತಿರಲಿಲ್ಲ.

ಉಳಿದ ಪುಟಗಳ ಬಗ್ಗೆ ಏನೂ ಹೇಳುವುದಿಲ್ಲ, ಅವು ತಾವಾಗಿಯೇ ಬದಲಾಗುತ್ತವೆ. ನೀವು ಬಸ್ಸಿನಿಂದ ಆರಂಭಿಸಿ. ಇರಿಟ್ಟಿಗೆ ಹೋಗಿ ಆ ಗೋಲ್‌ಕೀಪರ್‌ನನ್ನು ಹುಡುಕಿ, ಎದುರು ಕೂತು ಮಾತನಾಡಿಸಿ. ಅವತ್ತು ಎಷ್ಟು ಗಂಟೆಗೆ ಮನೆ ಬಿಟ್ಟರು, ದಾರಿಯಲ್ಲಿ ಏನು ತಿಂದರು, ಇಳಿದ ಎಷ್ಟು ಹೊತ್ತಿಗೆ ಆಟ ಶುರುವಾಯಿತು, ರೆಫರಿ ಯಾವ ಊರಿನವರು, ಯಾವ ಸೀಟಿ ಬರಬೇಕಿತ್ತು ಮತ್ತು ಬರಲಿಲ್ಲ ಎಂದು ಅವನಿಗೆ ಇವತ್ತಿಗೂ ಅನ್ನಿಸುತ್ತದೆ, ಎಲ್ಲವನ್ನೂ ಕೇಳಿ. ಚಪ್ಪಲಿ ಯಾಕೆ ಕಳಚಿದ ಎಂದೂ ಕೇಳಿ. ಪಂದ್ಯ ಏನಾಯಿತು ಎಂದು ಬರೆಯಿರಿ. ಸಾವಿರ ಪದ ಸಾಕು, ಆ ಪುಟವನ್ನು ನಿಮಗಾಗಿ ತೆಗೆದಿರಿಸುತ್ತೇನೆ. ಮಳೆ ಹಿಡಿದರೆ ಮಾಕುಟ್ಟದ ರಸ್ತೆ ಕುಸಿಯುವುದುಂಟು, ಅದಕ್ಕೆ ಮೊದಲೇ ಹೋಗಿ ಬನ್ನಿ.