ಅಳತೆ ಪುಸ್ತಕ ಮತ್ತು ಆ್ಯಪ್: ಒಂದು ಆಪ್ತಸಲಹೆ ಪ್ರಕರಣ

ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ ಇದನ್ನು ದಾಖಲಿಸುತ್ತಿದ್ದೇನೆ. ಬೆಂಗಳೂರಿನ ಸಾಫ್ಟ್‌ವೇರ್ ಕೆಲಸ ಬಿಟ್ಟು, ದರ್ಜಿಗಳು ಅಳತೆ ಮತ್ತು ಆರ್ಡರ್ ಬರೆದಿಡುವ ಆ್ಯಪೊಂದನ್ನು 14 ತಿಂಗಳು ಒಬ್ಬರೇ ಕುಳಿತು ರೂಪಿಸಿದ್ದ 34 ವರ್ಷದ ಗೃಹಸ್ಥರು, ರಾತ್ರಿ ನಿದ್ರೆ ಬರುತ್ತಿಲ್ಲವೆಂದು ನನ್ನ ಬಳಿ ಬಂದಿದ್ದರು. ಆ್ಯಪ್ ಬಿಡುಗಡೆಯಾಗಿ ಐದು ತಿಂಗಳಾಗಿತ್ತು. ನಿತ್ಯ ಬಳಸುತ್ತಿದ್ದವರು ಮೂವರು, ಅವರಲ್ಲೊಬ್ಬರು ಸ್ವಂತ ಸೋದರಮಾವ. "ಜಾಹೀರಾತಿಗೆ ದುಡ್ಡಿಲ್ಲ ಮೇಡಂ, ಅದಕ್ಕೇ ಜನರಿಗೆ ತಲುಪುತ್ತಿಲ್ಲ" ಎಂಬುದು ಅವರ ಅಳಲು.

ದಿನಚರಿ ವಿಚಾರಿಸಿದೆ. ಯಾರಾದರೂ ಅಂಗಡಿಯವರು "ಆಮೇಲೆ ನೋಡೋಣ ಸರ್" ಎಂದ ದಿನವೆಲ್ಲ ಅವರು ನೇರ ಮನೆಗೆ ಬಂದು, ರಾತ್ರಿ ಎರಡರವರೆಗೆ ಆ್ಯಪಿಗೆ ಹೊಸದೊಂದು ಸೌಲಭ್ಯ ಸೇರಿಸುತ್ತಿದ್ದರು. ಕೋಡ್ ಯಾರನ್ನೂ ಬೇಡವೆನ್ನುವುದಿಲ್ಲ. ತಿರಸ್ಕಾರದ ನೋವಿಗೆ ಅವರು ಅಲ್ಲಿ ಆಸರೆ ಹುಡುಕುತ್ತಿದ್ದರು. ಇದನ್ನು ಹೇಳಿದಾಗ ಬಹಳ ಹೊತ್ತು ಸುಮ್ಮನಿದ್ದರು.

ಲ್ಯಾಪ್‌ಟಾಪ್ ಮುಚ್ಚಿಟ್ಟು, ಆ್ಯಪಿನ ಹೆಸರೆತ್ತದೆ, ಒಂದು ವಾರ ಒಂದೇ ಅಂಗಡಿಯಲ್ಲಿ ಕುಳಿತು ಬರುವಂತೆ ಸೂಚಿಸಿದೆ. ಅವರು ಕಂಡು ಬಂದದ್ದು ಇಷ್ಟು: ಮಾಸ್ಟರ್ ಟೇಪು ಹಿಡಿದು "ಎದೆ 38, ಸೊಂಟ 34" ಎಂದು ಕೂಗುತ್ತಾರೆ, ಹುಡುಗ ಪುಸ್ತಕದಲ್ಲಿ ಬರೆದುಕೊಂಡು, ಬಟ್ಟೆಯ ಅಂಚಿನಿಂದ ಕತ್ತರಿಸಿದ ತುಣುಕನ್ನು ರಸೀದಿಗೆ ಪಿನ್ ಮಾಡುತ್ತಾನೆ, ಗಿರಾಕಿ ಬಂದಾಗ ಆ ತುಣುಕು ನೋಡಿಯೇ ಬಟ್ಟೆ ಹುಡುಕುತ್ತಾರೆ. ಕೈಯೆರಡೂ ಕೆಲಸದಲ್ಲಿರುವ ಇಂಥವರಿಗೆ ಆ್ಯಪ್ ಹನ್ನೊಂದು ಖಾನೆ ತುಂಬಲು ಹೇಳುತ್ತಿತ್ತು. ಅಳತೆ ಕಳೆದುಹೋಗುವುದು ಮಾಸ್ಟರ್‌ಗೆ ಚಿಂತೆಯೇ ಆಗಿರಲಿಲ್ಲ. ಹೊಲಿದಿಟ್ಟ ಬಟ್ಟೆಯನ್ನು ತಿಂಗಳುಗಟ್ಟಲೆ ಒಯ್ಯದ ಗಿರಾಕಿಗಳಿಂದ ಹಣ ಸಿಕ್ಕಿಹಾಕಿಕೊಂಡಿದೆ ಎಂಬುದನ್ನು ಮಾತ್ರ ಅವರು ವಾರದಲ್ಲಿ ನಾಲ್ಕು ಸಲ ಹೇಳಿದ್ದರು.

ಸಲಹೆಯನ್ನು ಸ್ಪಷ್ಟವಾಗಿಯೇ ಕೊಟ್ಟೆ. ಮೂರು ತಿಂಗಳು ಹೊಸ ಸೌಲಭ್ಯ ಬೇಡ. ಬಟ್ಟೆ ಸಿದ್ಧವಾದ ಸುದ್ದಿಯನ್ನು ಗಿರಾಕಿಗಳಿಗೆ ವಾಟ್ಸ್ಆ್ಯಪ್‌ನಲ್ಲಿ ನೀವೇ ಕೈಯಾರೆ ಕಳಿಸಿ, ಬಾಕಿ ವಸೂಲಾದರೆ ಮಾಸ್ಟರ್ ಬಳಿ ಸಣ್ಣ ಶುಲ್ಕ ಕೇಳಿ, ಏಕೆಂದರೆ ಇದು ಅವರಿಗೆ ನಿಜಕ್ಕೂ ಬೇಕೇ ಎಂಬುದು ಹೊಗಳಿಕೆಯಿಂದ ತಿಳಿಯುವುದಿಲ್ಲ, ಆ ಶುಲ್ಕದಿಂದ ತಿಳಿಯುತ್ತದೆ. ಬಾಗಿಲು ತಟ್ಟಲು ಸಂಕೋಚವೆಂದಾಗ, ಪ್ರವಾಸಿಗರಿಗೆ ಮನೆಗಳನ್ನು ಬಾಡಿಗೆಗೆ ಕೊಡಿಸುವ ಜಾಲತಾಣ ಏರ್‌ಬಿಎನ್‌ಬಿಯ ಸ್ಥಾಪಕರು 2009ರಲ್ಲಿ ನ್ಯೂಯಾರ್ಕ್‌ಗೆ ಹೋಗಿ, ಬಾಡಿಗೆ ಕೊಡುವವರ ಮನೆಗಳ ಫೋಟೊಗಳನ್ನು ತಾವೇ ತೆಗೆದದ್ದನ್ನು ನೆನಪಿಸಿದೆ. ಉಳಿತಾಯ ಎಷ್ಟು ದಿನಕ್ಕೆ ಸಾಲುತ್ತದೆ ಎಂಬುದನ್ನು ಪತ್ನಿಯೊಡನೆ ಕುಳಿತು ಲೆಕ್ಕಹಾಕಿ, ಮತ್ತೆ ನೌಕರಿ ಹುಡುಕುವ ದಿನಾಂಕವನ್ನೂ ಗೊತ್ತುಮಾಡಿಕೊಳ್ಳಲು ಹೇಳಿದೆ.

ನಾಲ್ಕನೆಯ ಭೇಟಿಗೆ ದಂಪತಿ ಒಟ್ಟಿಗೆ ಬಂದರು. ಎರಡು ಅಂಗಡಿಯವರು ಶುಲ್ಕಕ್ಕೆ ಒಪ್ಪಿದ್ದರು, ಮೂರನೆಯವರು ಒಪ್ಪಿರಲಿಲ್ಲ. ಆ ಮೂರನೆಯವರು ಬೇಡವೆಂದ ರಾತ್ರಿ ಪತಿ ಕೋಡ್ ಮುಟ್ಟದೆ ಮಲಗಿದರೆಂದು ಪತ್ನಿಯೇ ತಿಳಿಸಿದರು.