ಎರಡು ರೂಟರ್ ಇರುವ ಮನೆಯಲ್ಲಿ ಪ್ರಿಂಟರ್ ಹಂಚಿಕೆ

ಪ್ರಶ್ನೆ: ಹಾಲ್‌ನ ಕಂಪ್ಯೂಟರಿಗೆ ಜೋಡಿಸಿದ ಪ್ರಿಂಟರನ್ನು ಶೇರ್ ಮಾಡಿದ್ದೇವೆ. ಬೆಡ್‌ರೂಮಿನ ಲ್ಯಾಪ್‌ಟಾಪಿನಲ್ಲಿ ಆ ಕಂಪ್ಯೂಟರೇ ಕಾಣುವುದಿಲ್ಲ. ಇಂಟರ್ನೆಟ್ ಮಾತ್ರ ಎರಡರಲ್ಲೂ ಬರುತ್ತದೆ. ಒಳಗೆ ಸಿಗ್ನಲ್ ಸಾಲದೆ ಎರಡನೇ ರೂಟರ್ ಹಾಕಿಸಿದ್ದೇವೆ. ಎರಡೂ ವಿಂಡೋಸ್ 11.
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಮೊದಲ ಅನುಮಾನ ಆ ಎರಡನೇ ರೂಟರ್ ಮೇಲೆಯೇ. ಎರಡೂ ಕಡೆ ಸೆಟ್ಟಿಂಗ್ಸ್‌ನಲ್ಲಿ ಐಪಿ ವಿಳಾಸ (ನೆಟ್‌ವರ್ಕಿನಲ್ಲಿ ಆ ಯಂತ್ರದ ಗುರುತಿನ ಸಂಖ್ಯೆ) ನೋಡಿ. ಒಂದರಲ್ಲಿ 192.168.1.5, ಇನ್ನೊಂದರಲ್ಲಿ 192.168.0.7 ಎಂಬಂತಿದ್ದರೆ ಅವು ಬೇರೆ ಬೇರೆ ನೆಟ್‌ವರ್ಕ್‌ಗಳು. ಕಂಪ್ಯೂಟರುಗಳು ಒಂದನ್ನೊಂದು ಹುಡುಕಲು ಕಳಿಸುವ ಕರೆ ರೂಟರ್ ದಾಟುವುದಿಲ್ಲ, ಇಂಟರ್ನೆಟ್ ದಾಟುತ್ತದೆ. ಎರಡನೇ ರೂಟರನ್ನು ‘ಆಕ್ಸೆಸ್ ಪಾಯಿಂಟ್’ ಮೋಡ್‌ಗೆ ಹಾಕಿ; ಆಗ ಅದು ಬೇರೆ ನೆಟ್‌ವರ್ಕ್ ಮಾಡದೆ ಮೊದಲನೆಯದರ ನೆಟ್‌ವರ್ಕನ್ನೇ ಹರಡುತ್ತದೆ. ಆ ಆಯ್ಕೆ ಇಲ್ಲದಿದ್ದರೆ ಅದರ ವಿಳಾಸವನ್ನು ಮೊದಲ ರೂಟರಿನ ಸಾಲಿಗೇ ಬದಲಿಸಿ (ಮೊದಲ ಮೂರು ಸಂಖ್ಯೆ ಅದರದ್ದೇ, ಕೊನೆಯದು ಬೇರಾವುದಕ್ಕೂ ಸಿಗದ ಸಂಖ್ಯೆ ಇರಲಿ), ಡಿಎಚ್‌ಸಿಪಿ (ಯಂತ್ರಗಳಿಗೆ ತಾನಾಗಿ ಐಪಿ ವಿಳಾಸ ಹಂಚುವ ಸೌಲಭ್ಯ) ಆಫ್ ಮಾಡಿ, ಮೊದಲ ರೂಟರಿನಿಂದ ಬಂದ ಕೇಬಲನ್ನು ಅದರ ವ್ಯಾನ್ (ಇಂಟರ್ನೆಟ್) ಪೋರ್ಟಿನಿಂದ ಕಿತ್ತು ಲ್ಯಾನ್ (ಮನೆಯೊಳಗಿನ ಯಂತ್ರಗಳ) ಪೋರ್ಟಿಗೆ ಚುಚ್ಚಿ.

ಆಮೇಲೆ ಎರಡರಲ್ಲೂ ನೆಟ್‌ವರ್ಕನ್ನು ‘ಪ್ರೈವೇಟ್’ (ಇತರ ಯಂತ್ರಗಳಿಗೆ ಕಾಣಿಸಿಕೊಳ್ಳುವ ವಿಧ) ಮಾಡಿ. ಪಾಸ್‌ವರ್ಡ್ ಕೇಳಿದಾಗ ಹಾಲ್ ಕಂಪ್ಯೂಟರಿನ ಖಾತೆಯದ್ದನ್ನೇ ಕೊಡಬೇಕು; ನಾಲ್ಕಂಕಿಯ ಪಿನ್ ಇಲ್ಲಿ ನಡೆಯುವುದಿಲ್ಲ. ಬೇಸತ್ತು ಪಾಸ್‌ವರ್ಡ್ ರಕ್ಷಣೆಯನ್ನೇ ತೆಗೆದುಬಿಡಬೇಡಿ, ಹೌಸಿಂಗ್ ಸೊಸೈಟಿಗಳಲ್ಲಿ ವೈಫೈ ಪಾಸ್‌ವರ್ಡ್ ಅಕ್ಕಪಕ್ಕದ ಮನೆಗೂ ಗೊತ್ತಿರುತ್ತದೆ. ಹಾಲ್‌ನ ಕಂಪ್ಯೂಟರ್ ಸ್ಲೀಪ್‌ಗೆ ಹೋದರೂ ಪ್ರಿಂಟ್ ಬಾರದು.