ನಾಲ್ಕು ಡ್ರೈವರ್‌ಗೂ ಒಂದೇ ಅಲೊಕೇಶನ್ ಕೋಡ್ ಸಾಕಾ?

ಪ್ರಶ್ನೆ: ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಕೆಲ್ಸ ನಂದು, ಲಿನಕ್ಸ್ ನೆಟ್‌ವರ್ಕ್ ಡ್ರೈವರ್. ನಾಲ್ಕು ಕಾರ್ಡ್‌ಗಳ ಡ್ರೈವರ್‌ಗೆ ಒಂದು ಕಾಮನ್ ಕೋಡ್ ಮಾಡ್ತಿದೀವಿ. ಮೆಮೊರಿ ಎಲ್ಲಾ ನಮ್ದೇ ಒಂದು ಫಂಕ್ಷನ್ ಮೂಲಕ ತಗೊಂಡು, ಅದ್ರೊಳಗೆ ಜಿಎಫ್‌ಪಿ ಅಟಾಮಿಕ್ (ಕಾಯದೇ ಮೆಮೊರಿ ಕೇಳೋ ಫ್ಲಾಗ್) ಹಾಕ್ಬಿಟ್ರೆ ಎಲ್ಲಿಂದ ಕರೆದ್ರೂ ಸೇಫ್ ಅಂತಾರೆ ಟೀಮಲ್ಲಿ. ಸರೀನಾ?
— ಓದುಗ, ಮೈಸೂರು

ಉತ್ತರ: ಬೇಡ ಕಣ್ರೀ, ದಯವಿಟ್ಟು ಬೇಡ. ಅಟಾಮಿಕ್ ಅಂದ್ರೆ ಕಾಯೋ ಹಾಗಿಲ್ಲ, ಮೆಮೊರಿ ಟೈಟ್ ಆದಾಗ ಕರ್ನಲ್ ಬೇರೆ ಪೇಜ್ (ಮೆಮೊರಿ ತುಂಡು) ಖಾಲಿ ಮಾಡಿಸಿ ಕೊಡೋಕಾಗಲ್ಲ, ಮೇಲಿಂದ ತುರ್ತಿಗೆ ಇಟ್ಟಿರೋ ರಿಸರ್ವ್‌ಗೂ ಕೈ ಹಾಕುತ್ತೆ. ಪ್ಯಾಕೆಟ್ ಎತ್ಕೊಳ್ಳೋ ನಾಪಿ ಪೋಲ್ ಅನ್ನೋ ಫಂಕ್ಷನ್ ಒಳಗೆ ಸ್ಲೀಪ್ ಆಗಂಗಿಲ್ಲ, ಅಲ್ಲಿ ಅದು ಬೇಕು. ಇಂಟರ್‌ಫೇಸ್ ಅಪ್ ಮಾಡ್ವಾಗ ರಿಂಗ್ (ಪ್ಯಾಕೆಟ್ ಬಫರ್‌ಗಳ ಸುತ್ತುಪಟ್ಟಿ) ಕಟ್ಟೋಕೆ, ಕಾಯೋಕೆ ಒಪ್ಪೋ ಫ್ಲಾಗ್ ಜಿಎಫ್‌ಪಿ ಕರ್ನಲ್ಲೇ ಸರಿ. ಎಲ್ಲಿದೀವಿ ಅನ್ನೋದು ಕರೆಯೋ ಕೋಡ್‌ಗೆ ತಾನೆ ಗೊತ್ತಿರೋದು, ಫ್ಲಾಗ್ ಅಲ್ಲಿಂದ್ಲೇ ಬರ್ಲಿ.

ನಿಜವಾಗ್ಲೂ ಹಂಚ್ಕೋಬೇಕಾಗಿರೋದು ರಿಸೀವ್ ಬಫರ್ ಕೋಡ್. ಒಂದೊಂದು ಡ್ರೈವರೂ 4096 ಬೈಟ್ ಪೇಜನ್ನ ಅರ್ಧ ಮಾಡಿ, ಡಿಎಂಎ ಮ್ಯಾಪ್ ಮಾಡಿ (ಕಾರ್ಡ್ ನೇರವಾಗಿ ಆ ಮೆಮೊರಿಗೆ ಬರೆಯೋ ಹಾಗೆ), ಮತ್ತೆ ಬಳಸೋ ಲೆಕ್ಕವನ್ನ ತಾನೇ ಬರ್ಕೊಂಡ್ರೆ ಒಂದೇ ಬಗ್ ನಾಲ್ಕು ಕಡೆ ಸರಿಮಾಡ್ಬೇಕಾಗುತ್ತೆ. 2018ರಲ್ಲಿ ಕರ್ನಲ್ 4.18ಕ್ಕೆ ಪೇಜ್ ಪೂಲ್ ಬಂತು, ಮ್ಯಾಪಿಂಗ್ ಹಾಗೇ ಇಟ್ಕೊಂಡು ಪೇಜ್ ವಾಪಸ್ ತಿರುಗಿಸೋ ಕೆಲ್ಸ ಅದೇ ಮಾಡುತ್ತೆ. ಇಂಟೆಲ್‌ನೋರೂ ಇದೇ ದಾರಿ ಹಿಡಿದ್ರು, 2024ರಲ್ಲಿ 6.10ಕ್ಕೆ ಲಿಬ್‌ಈಥ್ ಅನ್ನೋ ಕಾಮನ್ ಲೈಬ್ರರಿ ಹಾಕಿ ಐಎವಿಎಫ್ ಅನ್ನೋ ತಮ್ಮ ಡ್ರೈವರನ್ನ ಪೇಜ್ ಪೂಲ್‌ಗೆ ತಿರುಗಿಸಿದ್ರು.

ಒಂದು ಮಾತ್ರ ನೆನಪಿಡಿ, ಕೋಡ್ ಕಾಮನ್, ಪೂಲ್ ಕಾಮನ್ ಅಲ್ಲ. ಪೇಜ್ ಕೊಡೋ ಕಡೆ ಲಾಕ್ ಇಲ್ಲ, ಒಂದೇ ನಾಪಿ ಅದನ್ನ ಮುಟ್ಟುತ್ತೆ ಅಂತ ನಂಬ್ಕೊಂಡೇ ಅದು ಅಷ್ಟು ಫಾಸ್ಟ್, ಹಂಗಾಗಿ ಒಂದೊಂದು ರಿಸೀವ್ ಕ್ಯೂಗೂ (ಪ್ಯಾಕೆಟ್ ಸಾಲಿಗೂ) ಒಂದು ಪೂಲ್ ಮಾಡಿ.

ರಿಂಗ್ ಸೈಜ್ ಬದಲಾಯಿಸ್ವಾಗ ಹೊಸದು ಪೂರ್ತಿ ಅಲೊಕೇಟ್ ಆದ್ಮೇಲೇ ಹಳೇದನ್ನ ಫ್ರೀ ಮಾಡಿ, ಹೊಸ ಮನೆಗೆ ಸೂರು ಹಾಕೋಕ್ಮುಂಚೆ ಹಳೇದನ್ನ ಯಾರು ಕೆಡವ್ತಾರೆ. ಬೇಕಂತ್ಲೇ ಅಲೊಕೇಶನ್ ಫೇಲ್ ಮಾಡಿಸೋ ಫೇಲ್‌ಸ್ಲ್ಯಾಬ್, ಫೇಲ್ ಪೇಜ್ ಅಲೊಕ್ ಎರಡೂ ಆನ್ ಮಾಡಿ, ಈಥ್‌ಟೂಲ್ ಕಮಾಂಡಲ್ಲಿ ರಿಂಗ್ ಸೈಜ್ 512 ಇರೋದನ್ನ 4096 ಮಾಡಿ ನೋಡಿ, ಅಲೊಕೇಶನ್ ಫೇಲ್ ಆದ್ರೂ ಪಿಂಗ್ ನಿಲ್ಬಾರ್ದು.

ಪ್ರಶ್ನೆ: ತಾನಾಗೇ ಫ್ರೀ ಆಗೋ ಮೆಮೊರಿ ಕೊಡೋ ಡೆವ್‌ಎಂ ಕೆಝಡ್‌ಅಲೊಕ್ ಬಳಸಿದ್ರೆ ಫ್ರೀ ಮಾಡೋ ತಲೆನೋವೇ ಇಲ್ವಲ್ಲ?
— ವಿದ್ಯಾರ್ಥಿನಿ, ಮಂಡ್ಯ

ಉತ್ತರ: ಪ್ರೋಬ್‌ನಲ್ಲಿ (ಡ್ರೈವರ್ ಕಾರ್ಡ್‌ಗೆ ಸೇರ್ಕೊಳ್ವಾಗ) ಒಂದ್ಸಲ ತಗೊಳ್ಳೋದಕ್ಕೆ ಚೆನ್ನಾಗಿದೆ ಕಣಮ್ಮ. ಇಂಟರ್‌ಫೇಸ್ ಅಪ್ ಮಾಡಿದಾಗೆಲ್ಲಾ ಅದ್ರಲ್ಲಿ ತಗೊಂಡ್ರೆ, ಡೌನ್ ಮಾಡಿದ್ರೂ ಮೆಮೊರಿ ವಾಪಸ್ ಹೋಗಲ್ಲ, ಡ್ರೈವರ್ ಅನ್‌ಬೈಂಡ್ ಆಗೋವರ್ಗೂ (ಕಾರ್ಡ್‌ನಿಂದ ಬಿಡಿಸ್ಕೊಳ್ಳೋವರ್ಗೂ) ಗುಡ್ಡೆ ಬೀಳ್ತಾನೇ ಇರುತ್ತೆ.